ಅಂಚು ಹೊಡೀಲೇನು?

ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಸಣ್ಣ ಉರಿಯ ಮೇಲೆ ಇಟ್ಟಿದ್ದೆ. ಮಗಳ ಶಾಲೆಯ ಚಾರ್ಟಿಗೆ ಅಂಟು ಬೇಕಿತ್ತು. ಮನೆಯಲ್ಲಿದ್ದ ಗೋಂದು ಒಣಗಿಹೋಗಿತ್ತು. ಫೋನಿನಲ್ಲಿ ತರಿಸಿದ್ದು ಗಚ್ಚಿಬೌಲಿಯ ಸಂಜೆಯ ಟ್ರಾಫಿಕ್ಕಿನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಕೈಯಾಡಿಸುತ್ತಿದ್ದ ಹಾಗೆ ಹಿಟ್ಟು ಗಟ್ಟಿಯಾಯಿತು, ಬಿಳುಪು ಹೋಗಿ ಮಸುಕು ಗಾಜಿನಂತೆ ಹೊಳೆಯಿತು. ಆಗ ಆ ವಾಸನೆ ಬಂತು. ಅರ್ಧ ಅಡುಗೆಮನೆಯದು, ಅರ್ಧ ಹಸಿ ಕಾಗದದ್ದು. ಒಂದೇ ಕೊರತೆ, ಮೈಲುತುತ್ತ. ಹುಳ ಬೀಳದಿರಲೆಂದು ನಮ್ಮ ಹಳೆಯ ಓಣಿಯಲ್ಲಿ ಪುಸ್ತಕ ಕಟ್ಟುತ್ತಿದ್ದ ಬೈಂಡಿಂಗ್ ಕಾಕಾ ಕುದಿಯುವ ಅಂಟಿಗೆ ಆ ನೀಲಿ ಹರಳಿನ ಚೂರು ಹಾಕುತ್ತಿದ್ದರು. ಲೇಯಿ ಅನ್ನುತ್ತಿದ್ದರು ಅವರು ಅಂಟಿಗೆ. "ಲೇಯಿ ಮುಟ್ಟಿದ ಕೈ ಬಾಯಾಗ ಇಡಬ್ಯಾಡ ತಂಗಿ, ವಿಷ ಐತಿ" ಅನ್ನುತ್ತಿದ್ದರು.

ಮಗಳ ಚಾರ್ಟಿನ ವಿಷಯ: ಆಧುನಿಕ ಇತಿಹಾಸದ ಅತ್ಯಂತ ಪ್ರಭಾವಶಾಲಿ ವ್ಯಕ್ತಿ ಯಾರು. ತರಗತಿಯ ಪ್ರತಿಯೊಬ್ಬರೂ ಒಬ್ಬೊಬ್ಬರನ್ನು ಆರಿಸಿ ವಾದಿಸಬೇಕು, ಕೊನೆಗೆ ಕೈ ಎತ್ತಿ ತೀರ್ಮಾನ. ನಲವತ್ತು ನಿಮಿಷದಲ್ಲಿ ಮುಗಿಯುತ್ತದಂತೆ. ನಮ್ಮ ಮನೆಯಲ್ಲಿ ಅಪ್ಪನಿಗೂ ಕಾಕಾನಿಗೂ ಅದೇ ವಾದ ಆರು ವರ್ಷ ನಡೆದಿತ್ತು, ಮುಗಿದಿರಲಿಲ್ಲ. ಮುಗಿಯದೆ ನಿಂತುಹೋಗುವುದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯವರೆಗೆ ಇಟ್ಟುಕೊಂಡರೆ ಅದನ್ನು ಅಲಂಕರಿಸುವ ಆಸೆ ಹುಟ್ಟುತ್ತದೆ.

ಆಗ ನಾವು ಇದೇ ಹೈದರಾಬಾದಿನ ಕಾಚಿಗೂಡದಲ್ಲಿದ್ದೆವು, ಸ್ಟೇಷನ್ನಿನ ಸದ್ದು ಕೇಳುವಷ್ಟು ಹತ್ತಿರ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ನಮ್ಮ ಓಣಿಯ ಬಾಯಿಯಲ್ಲಿ, ಲಾಡ್ಜಿನ ಮೆಟ್ಟಿಲ ಕೆಳಗೆ, ಕಾಕಾನ ಅಂಗಡಿ. ಒಂದು ಕಟಿಂಗ್ ಮಷೀನು, ಪುಸ್ತಕ ಬಿಗಿದಿಡುವ ಒಂದು ಮರದ ಒತ್ತು, ರಟ್ಟಿನ ರಾಶಿ, ದಬ್ಬಣ, ದಾರ, ಲೇಯಿಯ ಡಬ್ಬಿ. ಇಷ್ಟರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಅವರೂ ನಮ್ಮ ಹಾಗೆ ರಾಯಚೂರು ಕಡೆಯವರು, ಬಹಳ ಚಿಕ್ಕವರಿದ್ದಾಗಲೇ ಹೈದರಾಬಾದಿಗೆ ಬಂದವರು. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನಾನು ಕಾಕಾ ಎಂದು ಕರೆದದ್ದನ್ನೇ ಅವ್ವ ಎತ್ತಿಕೊಂಡಳು, ಆಮೇಲೆ ಅಪ್ಪನೂ. ಉರ್ದು ಸರಾಗವಾಗಿ ಓದುತ್ತಿದ್ದರು. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ, ತುಟಿ ಆಡಿಸಿಕೊಂಡು ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಕಾಲೇಜುಗಳ, ಗ್ರಂಥಾಲಯಗಳ ದಪ್ಪ ಇಂಗ್ಲಿಷ್ ಪುಸ್ತಕಗಳೆಲ್ಲ ರಿಪೇರಿಗೆ ಅವರ ಕೈಗೇ ಬರುತ್ತಿದ್ದವು.

ವಾದ ಹೇಗೆ ಶುರುವಾಯಿತೋ ಸರಿಯಾಗಿ ನೆನಪಿಲ್ಲ. ಅಪ್ಪ ಯಾವುದೋ ಇತಿಹಾಸದ ಪುಸ್ತಕ ಬೈಂಡಿಂಗಿಗೆ ಒಯ್ದಿದ್ದರು, ಅದರಿಂದಲೇ ಎಂದು ಅವ್ವ ಹೇಳುತ್ತಿದ್ದಳು. ನನಗೆ ನೆನಪಿರುವುದು ರವಿವಾರದ ಬೆಳಗುಗಳು. ಹತ್ತು ಗಂಟೆಗೆ ಕಾಕಾ ಬರುತ್ತಿದ್ದರು, ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಗೋಡೆ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತು, "ಹೇಳ್ರಿ ಸಾಹೇಬ್ರ, ಈ ವಾರ ಯಾರು?" ಅನ್ನುತ್ತಿದ್ದರು. ಅಪ್ಪ ಕಚೇರಿಯ ಹಳೆಯ ಕಾಗದದ ಹಿಂಬದಿಯಲ್ಲಿ ಒಂದು ಪಟ್ಟಿ ಬರೆಯುತ್ತಿದ್ದರು. ಆಧುನಿಕ ಜಗತ್ತನ್ನು ಮಾಡಿದ ನೂರು ಜನ, ದರ್ಜೆಯ ಪ್ರಕಾರ. ಒಬ್ಬೊಬ್ಬರಿಗೆ ಒಂದು ಹಾಳೆ. ಸೇನಾಪತಿಗಳು, ವಿಜ್ಞಾನಿಗಳು, ಗೋಡೆಗೆ ಫೋಟೋ ಹಾಕಿಸಿಕೊಂಡವರು, ಫೋಟೋ ಇಳಿಸಿಕೊಂಡವರು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಕಾಕಾನ ಹೆಸರನ್ನೇ ಬರೆಯದ ಮೇಲೆ ಅವರದ್ದೇಕೆ?

ಆಧುನಿಕ ಎಂದರೆ ಎಲ್ಲಿಂದ ಎಂಬುದಕ್ಕೇ ಒಂದು ತಿಂಗಳು ಹೋಯಿತು. ಅಪ್ಪ, "ಉಗಿಬಂಡಿ ಬಂದ ಮ್ಯಾಲಿಂದ" ಎಂದರು. ಕಾಕಾ ಸ್ಟೇಷನ್ನಿನ ಕಡೆ ಕಿವಿಕೊಟ್ಟು, "ಹಂಗಂದ್ರ ನಮ್ಮೂರಾಗ ಇನ್ನೂ ಆಧುನಿಕ ಸುರು ಆಗಿಲ್ಲ ಬಿಡ್ರಿ. ಬಸ್ಸ ಬರೂದಿಲ್ಲ, ಬಂಡಿ ಎಲ್ಲಿದು?" ಎಂದರು. ಅವ್ವ ಒಳಗಿನಿಂದ, "ಇಬ್ಬರದೂ ಚಾ ಆರಿ ನೀರಾತು" ಎಂದು ಕೂಗಿದಳು.

ಕಾಕಾನಿಗೆ ತನ್ನದೇ ಒಂದು ಅಳತೆಗೋಲಿತ್ತು. ಗ್ರಂಥಾಲಯದ ಪುಸ್ತಕ ಕೈಗೆ ಬಂದರೆ ಅವರು ಮೊದಲು ನೋಡುತ್ತಿದ್ದದ್ದು ಮುಚ್ಚಿದ ಪುಸ್ತಕದ ಅಂಚನ್ನು. ಹೆಬ್ಬೆರಳು ತಾಗಿ ತಾಗಿ ಕೆಲವು ಹಾಳೆಗಳ ಅಂಚು ಕಪ್ಪಾಗಿರುತ್ತದೆ, ಉಳಿದವು ಬೆಳ್ಳಗೇ ಇರುತ್ತವೆ. ಒಂದು ರವಿವಾರ ಅಂಥದೊಂದು ಪುಸ್ತಕವನ್ನೇ ಹೊತ್ತು ತಂದು ಅಪ್ಪನ ಮುಂದೆ ಇಟ್ಟರು.

"ನಿಮ್ಮ ಒಂದನೇ ನಂಬರಿನಾಂವ ಎಲ್ಲಿ ಬರ್ತಾನ ಇದರಾಗ? ತೋರಸ್ರಿ."

ಅಪ್ಪ ತೋರಿಸಿದರು. ಅಂಚು ಹಾಲಿನಷ್ಟು ಬಿಳುಪು.

"ನೋಡ್ರಿ. ಯಾರೂ ಮುಟ್ಟೇ ಇಲ್ಲ. ಇಲ್ಲಿ ನೋಡ್ರಿ, ಹೆಂಗ ಕರ್ರಗಾಗೇತಿ. ಯಾಂವ ಇಂವ?"

ಅಪ್ಪ ಕನ್ನಡಕ ಏರಿಸಿ ನೋಡಿದರು. ಅಲ್ಲಿ ವ್ಯಕ್ತಿಯೇ ಇರಲಿಲ್ಲ. ಯಾವುದೋ ಒಪ್ಪಂದದ ಹತ್ತು ಅಂಶಗಳಿದ್ದವು. "ಇದು ಪರೀಕ್ಷಾಕ್ಕ ಬರೋ ಪ್ರಶ್ನಿ ಕಾಕಾ, ಅದಕ್ಕ ಮಂದಿ ಮುಟ್ಟ್ಯಾರ" ಎಂದು ನಕ್ಕರು. ಕಾಕಾ ನಗಲಿಲ್ಲ. "ಪರೀಕ್ಷಾದ ಅಂಜಿಕಿನೂ ಪ್ರಭಾವನ ಅಲ್ಲೇನ್ರಿ?" ಎಂದರು. ಅಪ್ಪ ಸೀಸದ ಕಡ್ಡಿ ತೆಗೆದು ಆ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡರು.

ಅದು ಅಪ್ಪನ ಕ್ರಮ. ಹಾಳೆಯ ನಡುವೆ ಮಸಿಯಲ್ಲಿ ಅಪ್ಪನ ವಾದ. ಹೊರ ಅಂಚಿನಲ್ಲಿ, ಒತ್ತಿ ಒತ್ತಿ, ಸೀಸದ ಕಡ್ಡಿಯಲ್ಲಿ ಕಾಕಾನ ತಕರಾರು. ಮಸಿಯದ್ದು ಕಚೇರಿಯ ಕನ್ನಡ. ಅಂಚಿನದ್ದು ಕಾಕಾ ಆಡಿದ ಹಾಗೇ. ಆರು ವರ್ಷಕ್ಕೆ ಅಂಚುಗಳು ತುಂಬಿ, ಅಕ್ಷರಗಳು ಕಾಗದದ ತುದಿಯವರೆಗೆ ಹೋಗಿ ನಿಂತಿದ್ದವು.

ಇನ್ನೊಂದು ತಕರಾರು ನೆನಪಿದೆ. ನೆನಪಿದೆ ಎಂದುಕೊಂಡಿದ್ದೇನೆ. ದೊಡ್ಡವರು ಅಪ್ಪಣೆ ಬರೆಯುತ್ತಾರೆ, ಆದರೆ ಅದನ್ನು ಒಯ್ದು ಮುಟ್ಟಿಸುವವನು ಮುಟ್ಟಿಸದಿದ್ದರೆ? ಆ ಮನುಷ್ಯನೇ ದೊಡ್ಡವನಲ್ಲವೇ? ಹಾಗೆ ಕಾಕಾ ಕೇಳಿದರು, ಅವನ ಹೆಸರು ಹೇಳಿ ಎಂದು ಅಪ್ಪ ಸವಾಲು ಹಾಕಿದರು, "ಹೆಸರು ಗೊತ್ತಿದ್ದರ ನಿಮ್ಮ ಪಟ್ಟ್ಯಾಗ ಇರ್ತಿದ್ದ, ನನ್ನ ಬಾಯಾಗ ಯಾಕ ಬರ್ತಿದ್ದ?" ಎಂದು ಕಾಕಾ ಹೇಳಿದರು... ಮುಂದೆ ನಡೆದದ್ದಕ್ಕೆ ಈ ಮಾತು ಎಷ್ಟು ಸರಿಯಾಗಿ ಹೊಂದುತ್ತದೆಂದರೆ, ನನಗೆ ಇದರ ಮೇಲೆ ನಂಬಿಕೆ ಇಲ್ಲ. ಬಹುಶಃ ಆಮೇಲೆ ನಾನೇ ಕಾಕಾನ ಬಾಯಲ್ಲಿ ಇಟ್ಟದ್ದು. ಹಾಳೆಯ ಅಂಚಿನಲ್ಲಿ ಇತ್ತೋ ಇಲ್ಲವೋ ನೋಡೋಣವೆಂದರೆ ಅಂಚು ಇಲ್ಲ.

ಅಂಚು ಹೋದದ್ದು ಹೀಗೆ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಅಪ್ಪನ ನೂರು ಹಾಳೆ ಮುಗಿದಿತ್ತು. ದರ್ಜೆಗಳ ಬಗ್ಗೆ ಜಗಳ ಮುಗಿದಿರಲಿಲ್ಲ, ಆದರೆ ನೂರು ಜನರಂತೂ ಸಿಕ್ಕಿದ್ದರು. ನಮ್ಮ ಭಾಗದ ಕನ್ನಡದವರ ಸಂಘದಲ್ಲಿ ವಾರ್ಷಿಕ ಕಾರ್ಯಕ್ರಮವಿತ್ತು. ಅಲ್ಲಿ ಅಪ್ಪ ಅದರಿಂದ ಒಂದಿಷ್ಟು ಓದುವುದೆಂದು ಗೊತ್ತಾಗಿತ್ತು. ಮಸಿಯದ್ದನ್ನು ತಾವು, ಅಂಚಿನದ್ದನ್ನು ಅಕ್ಷರ ಕೂಡಿಸಿಕೊಂಡಾದರೂ ಕಾಕಾ, ವೇದಿಕೆಯ ಮೇಲೆ ಎದುರುಬದುರು ಕೂತು ಓದಬೇಕೆಂದು ಅಪ್ಪನ ಮನಸ್ಸಿನಲ್ಲಿತ್ತು. ಕಾಕಾನಿಗೆ ಹೇಳಿರಲಿಲ್ಲ. ಕಟ್ಟಿದ ಪುಸ್ತಕವನ್ನು ಅವರ ಕೈಯಲ್ಲಿಟ್ಟೇ ಹೇಳುವುದೆಂದಿದ್ದರು. ಕಾಕಾ ಎರಡು ವಾರ ಊರಿಗೆ ಹೋಗಿ ಆಗಷ್ಟೇ ಬಂದಿದ್ದರು, ಅಪ್ಪನಿಗೆ ಸೊಂಟ ಹಿಡಿದು ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ಹಾಗಾಗಿ ಹಾಳೆಗಳ ಕಟ್ಟನ್ನು ನನ್ನ ಕೈಯಲ್ಲಿ ಕೊಟ್ಟು, "ಬರೇ ಹೊಲೀರಿ ಅನ್ನು. ಅಂಚು ಹೊಡೀಬ್ಯಾಡ್ರಿ, ಕತ್ತರಸಬ್ಯಾಡ್ರಿ ಅಂತ ಹೇಳು. ಮರೀಬ್ಯಾಡ" ಎಂದರು.

ನಾನು ಆವತ್ತು ಗೆಳತಿಯರ ಜೊತೆ ಸುಲ್ತಾನ್ ಬಜಾರಿಗೆ ಹೋಗುವುದಿತ್ತು. ಅವರು ಓಣಿಯ ಬಾಯಿಯಲ್ಲಿ ಆಟೋ ನಿಲ್ಲಿಸಿಕೊಂಡು ಕರೆಯುತ್ತಿದ್ದರು. ಕಟ್ಟನ್ನು ಕಾಕಾನ ಮುಂದೆ ಇಟ್ಟೆ. ಕಾಕಾ ಅದನ್ನು ಹಲಗೆಗೆ ಕುಟ್ಟಿ ಸಮ ಮಾಡಲು ನೋಡಿದರು. ಸಮವಾಗಲಿಲ್ಲ. ಕಚೇರಿಯ ಹತ್ತು ತರಹದ ಕಾಗದ, ಒಂದು ಉದ್ದ, ಒಂದು ಗಿಡ್ಡ. ಯಾವ ಗಿರಾಕಿಗಾದರೂ ಅವರು ಕೇಳುತ್ತಿದ್ದ ಪ್ರಶ್ನೆ ಒಂದಿತ್ತು. ಅದನ್ನು ಕೇಳದೆ ಮಷೀನಿನ ಚಕ್ರಕ್ಕೆ ಕೈ ಹಾಕುತ್ತಿರಲಿಲ್ಲ.

"ಅಂಚು ಹೊಡೀಲೇನು, ತಂಗಿ?"

"ಹ್ಞೂಂ ಕಾಕಾ" ಎಂದೆ. ಆಟೋ ಹತ್ತಿದೆ.

ಅಷ್ಟೇ. ಮರೆತೆನೋ, ಕೇಳಿಸಿಕೊಳ್ಳಲಿಲ್ಲವೋ, ಗೆಳತಿಯರ ಕಡೆ ನೋಡುತ್ತ ಬಾಯಿಗೆ ಬಂದದ್ದು ಅಂದೆನೋ. ಈ ಮೂರನ್ನೂ ಬೇರೆ ಬೇರೆ ವರ್ಷಗಳಲ್ಲಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಹ್ಞೂಂ ಅಂದದ್ದು ಮಾತ್ರ ಖರೆ.

ಹಾಳೆಗಳು ಒಂದೇ ಅಳತೆಯವಲ್ಲದಿದ್ದರೆ, ಎಲ್ಲಕ್ಕಿಂತ ಗಿಡ್ಡ ಹಾಳೆ ಯಾವುದೋ ಅದರ ಅಳತೆಗೆ ಉಳಿದದ್ದನ್ನೆಲ್ಲ ಕತ್ತರಿಸುವುದು ಬೈಂಡಿಂಗಿನವರ ಪದ್ಧತಿ. ಕಟ್ಟನ್ನು ಮಷೀನಿನಲ್ಲಿ ಬಿಗಿದ ಮೇಲೆ ಒಳಗಿನದೇನೂ ಕಾಣುವುದಿಲ್ಲ. ಬಿಗಿಯುವ ಮುಂಚೆ ಕಾಕಾ ಮೇಲಿನ ಹಾಳೆ ನೋಡಿರಬಹುದು. ಅಂಚಿನಲ್ಲಿ ಸೀಸದ ಕಡ್ಡಿ ಕಂಡಿರಬಹುದು. ಕಚೇರಿಯ ಕಾಗದಗಳ ಅಂಚಿನಲ್ಲಿ ಅಂಥ ಗೀಚು ಇದ್ದೇ ಇರುತ್ತದೆ, ಎಲ್ಲರೂ ಹೊಡೆಯಿರಿ ಎಂದೇ ಹೇಳುತ್ತಾರೆ. ಅಲ್ಲದೆ ತನ್ನ ಮಾತನ್ನು ಅಪ್ಪ ತುದಿಯವರೆಗೆ ಬರೆದುಕೊಂಡಿದ್ದಾರೆಂದು ಕಾಕಾನಿಗೆ ಗೊತ್ತಿತ್ತೋ ಇಲ್ಲವೋ. ಬರೆಯುವುದನ್ನು ನೋಡಿದ್ದರು. ಓದಿರಲಿಲ್ಲ.

ಮುಂದಿನ ರವಿವಾರ ಕಾಕಾ ತಾವೇ ಪುಸ್ತಕ ತಂದರು. ಕೆಂಪು ಬಟ್ಟೆಯ ಬೆನ್ನು, ಮೂಲೆಗಳಿಗೂ ಕೆಂಪು ಬಟ್ಟೆ. ತಮಗೆ ತಾವೇ ಖುಷಿಪಟ್ಟುಕೊಂಡು ಮಾಡಿದ ಕೆಲಸ ಎಂದು ನೋಡಿದರೆ ತಿಳಿಯುತ್ತಿತ್ತು. ಅಪ್ಪ ದಿಂಬಿಗೆ ಒರಗಿಕೊಂಡೇ ತೆರೆದರು. ಒಂದು ಹಾಳೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಅಂಚಿನಲ್ಲಿ ಅರ್ಧ ಅರ್ಧ ಅಕ್ಷರಗಳು. ಕೆಲವು ಕಡೆ ಅದೂ ಇಲ್ಲ.

"ಇದೇನ್ ಮಾಡಿದ್ರಿ?"

ಕಾಕಾ ಬಗ್ಗಿ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನೋಡಿದರೆಂದು ಎಷ್ಟೋ ವರ್ಷ ನಂಬಿದ್ದೆ. ಈಗ ಆ ದೃಶ್ಯ ಕಣ್ಣಿಗೆ ತಂದುಕೊಂಡರೆ ಅವರು ನೋಡುತ್ತಿರುವುದು ಗೋಡೆಯನ್ನು. ಯಾವುದಾದರೂ ಇರಲಿ, ಅವರು ಅಂದದ್ದು ಒಂದೇ ಮಾತು.

"ತಪ್ಪಾತ್ರಿ ಸಾಹೇಬ್ರ."

"ಅಂಚು ಹೊಡೀಬ್ಯಾಡ್ರಿ ಅಂತ ಹೇಳಿ ಕಳಿಸಿದ್ದೆ!"

ಆಗ ನಾನು ಬಾಯಿ ಬಿಡಬೇಕಿತ್ತು. ಕಾಕಾ ಅವಸರ ಮಾಡಲಿಲ್ಲ. ನನಗೆ ಜಾಗ ಬಿಟ್ಟು ನಿಂತ ಹಾಗೆ. ನಾನು ತಟ್ಟೆಯಲ್ಲಿ ಚೆಲ್ಲಿದ್ದ ಚಹಾ ನೋಡುತ್ತಿದ್ದೆ.

"ತಂಗಿ ಹೇಳಿದ್ದಳ್ರೀ" ಎಂದರು ಕಾಕಾ. "ನನ್ನ ಲಕ್ಷ್ಯದಾಗ ಉಳೀಲಿಲ್ಲ."

ಅಪ್ಪ ಕೆಟ್ಟ ಮನುಷ್ಯರಲ್ಲ. ಆದರೆ ಆವತ್ತು ಒಂದು ಕೆಟ್ಟ ಮಾತು ಆಡಿದರು. "ಓದಾಕ ಬರದವರ ಕೈಯಾಗ ಕೊಟ್ಟದ್ದು ನನ್ನ ತಪ್ಪು ಬಿಡ್ರಿ" ಎಂದರು. ಅವ್ವ "ಏನ್ ಮಾತಂತ ಆಡ್ತೀರಿ!" ಎಂದು ಒಳಗಿನಿಂದ ಓಡಿಬರುವುದರೊಳಗೆ ಕಾಕಾ ಹೊರಗೆ ಚಪ್ಪಲಿ ಮೆಟ್ಟಿದ್ದರು. ಕಬ್ಬಿಣದ ಕುರ್ಚಿ ಖಾಲಿ, ಚಹಾ ನನ್ನ ಕೈಯಲ್ಲಿ.

ಸಂಘದಲ್ಲಿ ಅಪ್ಪ ಓದಲಿಲ್ಲ. ಕಾಕಾ ರವಿವಾರ ಬರಲಿಲ್ಲ. ಅಪ್ಪ ಎರಡು ವಾರ ಹತ್ತು ಗಂಟೆಗೆ ಬಾಗಿಲ ಕಡೆ ನೋಡಿದರು, ಮೂರನೇ ವಾರದಿಂದ ರೇಡಿಯೊ ಹಚ್ಚಿದರು.

ಒಂದು ತಿಂಗಳಾದ ಮೇಲೆ, ಕಾಲೇಜಿನಿಂದ ಬರುವಾಗ, ಅಂಗಡಿಗೆ ಹೋದೆ. ಕಾಕಾ ನೆಲದ ಮೇಲೆ ಕೂತಿದ್ದರು, ಸುತ್ತಲೂ ಕಾಗದದ ಸಣ್ಣ ಸಣ್ಣ ಪಟ್ಟಿಗಳು. ಕತ್ತರಿಸಿದ ಅಂಚುಗಳನ್ನು ಅವರು ಚೀಲಕ್ಕೆ ತುಂಬಿಡುತ್ತಿದ್ದರು. ಯಾರ್ಯಾರದೋ ಕಾಗದಗಳ ಅಂಚುಗಳ ನಡುವಿನಿಂದ ಅಪ್ಪನ ಹಾಳೆಗಳ ಪಟ್ಟಿಗಳನ್ನು ಆರಿಸಿ ತೆಗೆದಿದ್ದರು. ಸೀಸದ ಕಡ್ಡಿಯ ಗುರುತಿದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಪಕ್ಕದಲ್ಲಿ ಲೇಯಿಯ ಡಬ್ಬಿ.

"ಹೊಂದಸಾಕತ್ತೀನಿ" ಎಂದರು, ತಲೆ ಎತ್ತದೆ. "ಯಾವ ಹಾಳಿದು ಯಾವುದಂತ ತಿಳಿವಲ್ದು. ಓದಾಕ ಬರ್ತಿದ್ದರ ಲಗೂ ಆಗ್ತಿತ್ತು."

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ. ಇದ್ದರೂ ನನಗಲ್ಲ. ನಾನು ಅಳುತ್ತ, ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ.

ಕಾಕಾ ಒಂದು ಪಟ್ಟಿಯನ್ನು ತಿರುವಿ ಮುರುವಿ ನೋಡಿದರು. "ಬ್ಯಾಡ. ನೀ ಆ ಮನಿಯಾಗ ಇರಾಕಿ. ನಾ ಅಂಗಡ್ಯಾಗ ಇರಾಂವ. ಅವರ ಸಿಟ್ಟು ಇಲ್ಲೇ ಇರ್ಲಿ, ಇಲ್ಲಿ ಜಾಗಾ ಐತಿ." ಆಮೇಲೆ, "ನಿನಗ ಓದಾಕ ಬರತೈತಲ್ಲ? ನೀ ಓದಿ ಹೇಳು, ನಾ ಅಂಟಸ್ತೀನಿ. ರವಿವಾರ ಬಾ. ಎಲ್ಲಾ ಅಂಟಿಸಿ ಆಮ್ಯಾಲೆ ಒಯ್ದು ಕೊಡೂಣು" ಎಂದರು.

ಬರುತ್ತೇನೆ ಎಂದೆ.

ಹೋಗಲಿಲ್ಲ. ಮೊದಲ ರವಿವಾರ ಅಪ್ಪ ಎಲ್ಲಿಗೆ ಎಂದು ಕೇಳಿಯಾರೆಂದು ಅಂಜಿದೆ. ಎರಡನೆಯದಕ್ಕೆ ಪರೀಕ್ಷೆ ಇತ್ತು. ಮೂರನೆಯದಕ್ಕೆ ಏನಿತ್ತು... ಏನೂ ಇರಲಿಲ್ಲ. ಖರೆ ಹೇಳಬೇಕೆಂದರೆ, ಬೇಡ ಎಂದು ಕಾಕಾ ಅಂದಾಗ ನನಗೆ ಆದದ್ದು ದುಃಖವಲ್ಲ, ಹಗುರ. ಅಂಗಡಿಗೆ ಹೋದರೆ ಆ ಹಗುರ ಹೋಗುತ್ತದೆ ಎಂದು ಗೊತ್ತಿತ್ತು. ಕಾಲೇಜಿಗೆ ಬೇರೆ ಓಣಿಯಿಂದ ಹೋಗಲು ಶುರುಮಾಡಿದೆ.

ನಾಲ್ಕು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಅಷ್ಟರಲ್ಲಿ ಪುಸ್ತಕವನ್ನು ಅವರು ಮತ್ತೆ ತೆರೆದದ್ದನ್ನು ನಾನು ನೋಡಲಿಲ್ಲ, ಕಪಾಟಿನಿಂದ ತೆಗೆದು ಹಾಕಿದ್ದನ್ನೂ ನೋಡಲಿಲ್ಲ. ಕಾಕಾ ಬಂದಿದ್ದರು. ಒಳಗೆ ಬರಲಿಲ್ಲ. ಬಂದವರ ಚಪ್ಪಲಿಗಳು ಹರಡಿಕೊಂಡಿದ್ದ ಜಾಗದಲ್ಲಿ ನಿಂತು, ಕೈಮುಗಿದು, ನಿಂತೇ ಇದ್ದರು. ನಾನು ಹೊರಗೆ ಹೋಗಿ ಕರೆಯಬೇಕೆಂದು ಎದ್ದೆ, ಯಾರೋ ನನ್ನನ್ನು ತಬ್ಬಿಕೊಂಡು ಅತ್ತರು, ಮತ್ತೆ ನೋಡಿದಾಗ ಕಾಕಾ ಇರಲಿಲ್ಲ. ಆಮೇಲೆ ಅಂಗಡಿ ಮುಚ್ಚಿತು. ಕಾಕಾ ತಮ್ಮ ಮಗಳ ಊರಿಗೆ ಹೋದರಂತೆ ಎಂದು ಲಾಡ್ಜಿನವರು ಹೇಳಿದರು. ಯಾವ ಊರು ಎಂದು ನಾನು ಕೇಳಲಿಲ್ಲ. ಕೆಲವು ವರ್ಷಗಳ ನಂತರ, ರೈಲಿನಲ್ಲಿ ಸಿಕ್ಕ ಪರಿಚಯದವರೊಬ್ಬರು, "ನಿಮ್ಮ ಬೈಂಡಿಂಗ್ ಕಾಕಾ ತೀರಿಹೋದ್ರಲ್ಲ, ಗೊತ್ತಾತೇನು?" ಎಂದರು. ಗೊತ್ತು ಎಂದೆ. ಗೊತ್ತಿರಲಿಲ್ಲ. ಆ ಅಂಚಿನ ಪಟ್ಟಿಗಳು ಏನಾದವೋ... ಎಷ್ಟು ಹೊಂದಿದವೋ.

ಅವ್ವನೂ ಈಗಿಲ್ಲ. ಹ್ಞೂಂ ಅಂದದ್ದು ನಾನು ಎಂದು ಹೇಳಬೇಕಾದ ಜನರಲ್ಲಿ ಯಾರೂ ಉಳಿದಿಲ್ಲ.

ಚಾರ್ಟಿಗೆ ಅಂಟು ಹಚ್ಚಿ ಕೊಟ್ಟ ಮೇಲೆ ಮಗಳಿಗೆ, ನಿನ್ನ ಅಜ್ಜ ಇಂಥದೇ ಒಂದು ಪಟ್ಟಿ ಬರೆದಿದ್ದರು ಎಂದೆ. ತೋರಿಸು ಎಂದಳು. ಕಪಾಟಿನ ಮೇಲಿನಿಂದ ತೆಗೆದುಕೊಟ್ಟೆ. ಕೆಂಪು ಬಟ್ಟೆ ಎಂದೆನಲ್ಲ, ಅದು ಕೆಂಪಲ್ಲ, ಕಂದು. ಮಾಸಿ ಕಂದಾದದ್ದೋ, ಮೊದಲಿನಿಂದಲೂ ಕಂದೋ. ಇಷ್ಟು ವರ್ಷವಾದರೂ ಒಂದು ಹುಳ ಬಿದ್ದಿರಲಿಲ್ಲ. ಅವಳಿಗೆ ಕನ್ನಡ ಓದಲು ಬರುವುದು ಅಷ್ಟಕ್ಕಷ್ಟೇ. ತುಟಿ ಆಡಿಸಿಕೊಂಡು ಒಂದೆರಡು ಹೆಸರು ಓದಿದಳು, ಹಾಳೆ ಮಗುಚಿದಳು, ನಿಂತಳು.

"ಅಮ್ಮ, ಈ ಪೇಜ್ ಕಾರ್ನರ್ ಮಡಚಿದೆ. ಬಿಡಿಸಿದ್ರೆ ಹೊರಗೆ ಬರತ್ತೆ, ನೋಡು."

ಹೌದು. ಒಳಕ್ಕೆ ಮಡಚಿದ್ದ ಮೂಲೆ ಮಷೀನಿನ ಅಲುಗಿಗೆ ಸಿಕ್ಕಿರಲಿಲ್ಲ. ಬಿಡಿಸಿದರೆ ಪುಸ್ತಕದ ಅಳತೆಗಿಂತ ಎರಡು ಬೆರಳು ಹೊರಗೆ ಚಾಚಿಕೊಂಡಿತು, ಅಷ್ಟು ಭಾಗ ಇನ್ನೂ ಹೊಸ ಕಾಗದದ ಬಣ್ಣ. ಕತ್ತರಿಸುವ ಮುಂಚೆ ಕಾಕಾ ಮಡಿಕೆಗಳನ್ನೆಲ್ಲ ಒಂದೊಂದಾಗಿ ಬಿಡಿಸುತ್ತಿದ್ದರು. ನಾನೇ ಎಷ್ಟೋ ಸಲ ನೋಡಿದ್ದೇನೆ. ಇದೊಂದು ಹೇಗೆ ಉಳಿಯಿತು? ಇದಕ್ಕೊಂದು ಕಥೆ ಕಟ್ಟಬಹುದು. ಕಟ್ಟುವುದಿಲ್ಲ.

ಅದು ಮೂವತ್ತೆಂಟನೆಯವನ ಹಾಳೆ, ಯಾವುದೋ ದೂರದ ದೇಶದ ಮಂತ್ರಿ. ಮೂಲೆಯಲ್ಲಿ ಸೀಸದ ಕಡ್ಡಿಯಲ್ಲಿ, ಅಪ್ಪನ ಅಕ್ಷರ. ಇಡೀ ಪುಸ್ತಕದಲ್ಲಿ ಅಂಚಿನದ್ದು ಪೂರ್ತಿ ಉಳಿದಿರುವುದು ಅಷ್ಟೇ.

"ಏನು ಬರೆದಿದೆ?" ಎಂದಳು ಮಗಳು.

ಓದಿ ಹೇಳಿದೆ. "ಕಾಕಾ ಒಪ್ಪಲಿಲ್ಲ. ಮುಂದಿನ ರವಿವಾರ."

"ಯಾರು ಕಾಕಾ?"

ಹೇಳಲು ಕೂತೆ. ಹ್ಞೂಂ ಎಂದದ್ದರಿಂದ ಶುರುಮಾಡಿದೆ. ಅವಳು ಚಾರ್ಟು ಬಿಟ್ಟು ಕೇಳಿದಳು. ನಡುವೆ ಒಂದು ಸಲ, ಹಾಗಾದರೆ ನೀನು ರವಿವಾರ ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಪಾತ್ರೆಯಲ್ಲಿ ಉಳಿದ ಅಂಟು ಕೆನೆಗಟ್ಟಿ ಆರಿತ್ತು. ಚಾಚಿಕೊಂಡ ಮೂಲೆಯನ್ನು ಹಾಗೇ ಬಿಟ್ಟರೆ ಹರಿದುಹೋಗುತ್ತದೆ. ಹಳೆಯ ಗೆರೆಯ ಮೇಲೆಯೇ ಮತ್ತೆ ಒಳಕ್ಕೆ ಮಡಚಿ ಪುಸ್ತಕ ಮುಚ್ಚಿದೆ.